ಮೀನಿನ ತಲೆ ಮುಂದಕ್ಕೆ

೧

ಎಲ್ಲಿಂದ ಶುರು ಮಾಡಲಿ? ಚೈನಿಗೆ ಮೊದಲು, ಕೊನೆ ಅಂತ ಇರುವುದಿಲ್ಲ. ಕೊಂಡಿ ಬಿಚ್ಚಿದ ಕಡೆಯೇ ಮೊದಲು. (ಆಹಾ, ಏನು ವಾಕ್ಯ! ಆಮೇಲೆ ಹೊಡೆದು ಹಾಕಬೇಕು.)

ನೇರವಾಗಿ ಹೇಳಿಬಿಡುತ್ತೇನೆ. ರೇಸ್ ಟ್ರ್ಯಾಕಿನ ಪಕ್ಕ, ಹಳೇ ಟೈರುಗಳ ಗೋಡೆಯ ಹಿಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ತಂಗಿ, ಮನೆಯವರ ಬಾಯಲ್ಲಿ 'ಪಟಾಕಿ', ಅಲ್ಲಿ ತನ್ನ ಸರದಿಗೆ ಕಾಯುತ್ತಿದ್ದಾಳೆ. ಅವಳದು ಪಾಕೆಟ್ ಬೈಕು: ಮೊಣಕಾಲೆತ್ತರ, ಮೇಲೆ ಕೂತವರು ಕಪ್ಪೆಯ ಹಾಗೆ ಕಾಣುತ್ತಾರೆ. ಓಡುವಾಗ ಮಾತ್ರ ಅದು ಆಟಿಕೆಯಲ್ಲ. ಅದಕ್ಕೆ ಹೊಸ ಚೈನ್ ಹಾಕಿದವಳು ನಾನು. (ಆತಂಕವೆಲ್ಲ ಈ ಒಂದು ವಾಕ್ಯದಲ್ಲಿದೆ. ಉಳಿದದ್ದು ಉಪ್ಪುಖಾರ.)

೨

ಮೊದಲ ಕರಡಿನಲ್ಲಿ ನಾಯಕಿ, ಅಂದರೆ ನಾನು, ಬಿಡಿಭಾಗಗಳ ಅಂಗಡಿಗೆ ಹೋಗುತ್ತಾಳೆ.

"ಯಾವ ಚೈನಮ್ಮ? ಸಣ್ಣ ಕೊಂಡಿದೋ, ದೊಡ್ಡ ಕೊಂಡಿದೋ?"

"ಪಾಕೆಟ್ ಬೈಕಿಂದು..."

"ಕುತ್ತಿಗೆಗೆ ಹಾಕೊಳ್ಳೋದಲ್ಲ ಅಂತ ನನಗೂ ಗೊತ್ತು."

ಅಂಗಡಿಯವರು ಎರಡನ್ನು ತೆಗೆದಿಟ್ಟರು. ಥೇಟ್ ಅವಳಿಜವಳಿ. ಹಳೇ ಚೈನ್ ಜೊತೆಗಿದ್ದರೆ ಕೊಂಡಿಗೆ ಕೊಂಡಿ ಹೋಲಿಸಬಹುದಿತ್ತು. ಮರೆತುಬಂದಿದ್ದೆ, ಮರೆತೆ ಅನ್ನಲು ನಾಚಿಕೆ. "ಇದೇ" ಎಂದು ಒಂದಕ್ಕೆ ಬೆರಳು ತೋರಿಸಿದೆ. ಮನೆಗೆ ತಂದು ಸುತ್ತಿದರೆ ಅದು ಹಲ್ಲುಚಕ್ರದ ಎರಡು ಹಲ್ಲಿಗೆ ಒಪ್ಪಿ, ಮೂರನೆಯದರ ತಲೆ ಮೇಲೆ ಹತ್ತಿ ಕೂತಿತು.

"ಬಾಯಿ ಬಿಟ್ಟು ಕೇಳಿದ್ರೆ ಮುತ್ತು ಉದುರಿಹೋಗ್ತಿತ್ತಾ ಅಕ್ಕ?" ಎಂದಳು ಪಟಾಕಿ.

ಹಳೇದನ್ನು ಕೈಗೆ ಸುತ್ತಿಕೊಂಡು ಮತ್ತೆ ಹೋದೆ. ಸರಿಯಾದದ್ದು ಸಿಕ್ಕಿತು. (ನಗೆ ಜಾಸ್ತಿಯಾಯಿತು. ಕರಡು ರದ್ದು.)

೨, ಮತ್ತೆ

ಈ ಕರಡು ಪೂರ್ತಿ ಟೆಕ್ನಿಕಲ್. ಚೈನ್ ತೀರಾ ಬಿಗಿಯಾದರೆ ತುಂಡಾಗುತ್ತದೆ, ತೀರಾ ಸಡಿಲವಾದರೆ ಹಲ್ಲು ಬಿಟ್ಟು ಹಾರುತ್ತದೆ. ನಡುವೆ ಬೆರಳಿಟ್ಟು ಒತ್ತಿದರೆ ಚೂರು ಕುಣಿಯಬೇಕು. ಹಿಂದಿನ ಚಕ್ರವನ್ನು ಎರಡೂ ಬದಿಗೆ ಸಮವಾಗಿ ಎಳೆದು, ನಟ್ ಬಿಗಿದು, ಒತ್ತಿ ನೋಡಿದೆ. ಸಡಿಲಿಸಿದೆ. ಮತ್ತೆ ಎಳೆದೆ.

"ಅಮ್ಮನ ಥರಾನೇ ಇದು. ಎಳೆದ್ರೂ ಕಷ್ಟ, ಬಿಟ್ರೂ ಕಷ್ಟ," ಎಂದಳು ಪಟಾಕಿ.

(ರೂಪಕ ಹುಡುಕಬೇಡಿ. ಚೈನ್ ಬರೀ ಚೈನು.)

೪

(ಮೂರು ಎಲ್ಲಿ? ಆ ಮೂರನೇ ಹಲ್ಲಿನ ಹಾಗೆ, ಕೂರಲಿಲ್ಲ.)

ಇನ್ನು ಮೀನು. ಚೈನಿನ ಎರಡು ತುದಿ ಸೇರುವ ಕೊಂಡಿಗೆ ಒಂದು ಪುಟ್ಟ ಕ್ಲಿಪ್ ಇರುತ್ತದೆ. ನೋಡಲು ಮೀನೇ: ಒಂದು ಕಡೆ ದುಂಡು ತಲೆ, ಇನ್ನೊಂದು ಕಡೆ ಸೀಳು ಬಾಲ. ಅಂಗಡಿಯವರು ಹೇಳಿ ಕಳಿಸಿದ್ದರು: "ಮೀನಿನ ತಲೆ ಮುಂದಕ್ಕಿರಲಿ. ಹಿಂದುಮುಂದಾಗಿ ಬಾಲಕ್ಕೆ ಏನಾದ್ರೂ ತಾಗಿದ್ರೆ ಕ್ಲಿಪ್ ಕಿತ್ಕೊಳ್ಳುತ್ತೆ. ಚೈನ್ ಬಿಚ್ಚಿ ಚಕ್ರಕ್ಕೆ ಸುತ್ಕೊಂಡ್ರೆ ಓಡಿಸೋರು ಗಾಳೀಲಿ."

ಹಾಗೇ ಮಾಡಿದೆ. ವಿವರ ಕೊಟ್ಟರೆ ಓದುಗರು ನಂಬುತ್ತಾರಂತೆ, ಕೊಡುತ್ತೇನೆ: ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ, ಬೈಕನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಚೈನಿನ ಎರಡು ಸಾಲಿನಲ್ಲಿ ಮೇಲೆ ಕಂಡದ್ದರಲ್ಲಿ ಕೊಂಡಿ ಸೇರಿಸಿ, ಮೀನಿನ ತಲೆಯನ್ನು ಮುಂದಿನ ಚಕ್ರದ ಕಡೆಗೆ

ತಾಳಿ.

ತಲೆಕೆಳಗು.

ಹಾಗಾದರೆ ನನಗೆ ಮೇಲೆ ಕಂಡದ್ದು ನಿಜವಾಗಿ ಕೆಳಗಿನ ಸಾಲು. ಬೈಕು ಓಡುವಾಗ ಚೈನಿನ ಮೇಲಿನ ಸಾಲು ಮುಂದಕ್ಕೆ ಹೋಗುತ್ತದೆ, ಕೆಳಗಿನದು ಹಿಂದಕ್ಕೆ. ಅಂಗಡಿಯವರ 'ಮುಂದಕ್ಕೆ' ಅಂದರೆ ಚೈನ್ ಓಡುವ ದಿಕ್ಕು. ನನ್ನ 'ಮುಂದಕ್ಕೆ' ಬೈಕಿನ ಮೂತಿ. ನನ್ನ ಮೀನು ಬಾಲ ಮುಂದಿಟ್ಟುಕೊಂಡು ಈಜಲು ಹೊರಟಿದೆ.

(ಒಂದು ಪದಕ್ಕೆ ಎಷ್ಟು ಅರ್ಥ ಅಂತ ಪುಟಗಟ್ಟಲೆ ಬರೆದು ಡಿಗ್ರಿ ತಗೊಂಡವಳು ನಾನು.)

೫

ಅಂತ್ಯ ಒಂದು: ಏನೂ ಆಗುವುದಿಲ್ಲ. ಹಿಂದುಮುಂದಾದ ಎಷ್ಟೋ ಕ್ಲಿಪ್‌ಗಳು ಸುಮ್ಮನೆ ಓಡುತ್ತವೆ. ನಾನು ಡೈರಿಗೆ ಮಾತ್ರ ಹೇಳುತ್ತೇನೆ.

ಅಂತ್ಯ ಎರಡು: ಮೊದಲ ತಿರುವಿನಲ್ಲಿ ಪಟಾಕಿ

(ಬರೆಯುವುದಿಲ್ಲ. ಕೈ ಬರುತ್ತಿಲ್ಲ.)

ಅಂತ್ಯ ಮೂರು: ಬರೆಯುವವಳು ಎದ್ದು ನಿಂತು ಕೂಗುತ್ತಾಳೆ. ಯಾರು ನಂಬುತ್ತಾರೆ? ಈ ಪಾತ್ರ ಬಸ್ಸಿನಲ್ಲಿ "ಇಳೀಬೇಕು" ಅನ್ನಲಾಗದೆ ಮುಂದಿನ ಸ್ಟಾಪಿನಿಂದ ನಡೆದು ವಾಪಸ್ ಬರುವವಳು. ಕೂಗಿದರೆ ಟ್ರ್ಯಾಕಿನ ಸುತ್ತ ನಿಂತ ಇಷ್ಟು ಜನ ಒಟ್ಟಿಗೆ ತಿರುಗಿ ನೋಡುತ್ತಾರೆ.

"ಅಕ್ಕ," ಕಥೆಯೊಳಗಿನ ಪಟಾಕಿ ಹೆಲ್ಮೆಟ್ಟಿನ ಗಾಜು ಎತ್ತುತ್ತಾಳೆ, "ಇನ್ನೂ ಬರೀತಾನೇ ಇದ್ದೀಯಲ್ಲೇ!"

"ಒಂದೇ ಒಂದು ಪ್ಯಾರಾ, ಕಣೇ."

"ಪ್ಯಾರಾ ಹೊಡೆದುಹಾಕಿ ಮತ್ತೆ ಬರೀಬಹುದು. ನನ್ನನ್ನ?"

ಟ್ರ್ಯಾಕಿನ ಮೇಲಿನ ಪಟಾಕಿ, ನಿಜವಾದವಳು, ಬೈಕನ್ನು ಓಟ ಶುರುವಾಗುವ ಗೆರೆಗೆ ತಳ್ಳುತ್ತಿದ್ದಾಳೆ. ಇತ್ತ ತಿರುಗಿ ಚೈನಿನ ಕಡೆ ಬೆರಳು ತೋರಿಸಿ, ಹೆಬ್ಬೆರಳೆತ್ತಿದಳು. ಎಂಜಿನ್ ಹತ್ತಿಕೊಂಡಿತು. ಬಾವುಟದವರು ಇನ್ನೂ ಬಾವುಟ ಎತ್ತಿಲ್ಲ.

ಮುಂದೇನಾಯಿತು ಅಂತ ನೀವು ಕೇಳುತ್ತೀರಿ. ಆ 'ಮುಂದೆ' ಅನ್ನುವ ಪದವನ್ನು ದಯವಿಟ್ಟು ನನ್ನ ಹತ್ತಿರ ಎತ್ತಬೇಡಿ. ನನ್ನ ದನಿ ಅಲ್ಲಿಯವರೆಗೆ ಮುಟ್ಟಿತೋ ಇಲ್ಲವೋ, ಅದನ್ನು ಇಲ್ಲಿ ಬರೆಯಲು ಆಗುವುದಿಲ್ಲ. ಎಂಜಿನ್ ಸದ್ದು ಮೀರಿ ಕೂಗಬೇಕಾದರೆ ಬಾಯಿಗೆ ಎರಡೂ ಕೈ ಅಡ್ಡ ಹಿಡಿಯಬೇಕು. ಪೆನ್ನಿಗೆ ಕೈ ಉಳಿಯುವುದಿಲ್ಲ.