ಹಗಲು ನಿದ್ದೆಯ ಕೋಣೆ

ಟೈಲರನ ಮಗಳು ಮೈಗೆ ಸರಿಹೊಂದುವ ಅಂಗಿ ಹಾಕಿಕೊಂಡು ಶಾಲೆಗೆ ಹೋದದ್ದೇ ಇಲ್ಲ. "ಬೆಳೆಯೋ ಮಕ್ಕಳು, ಒಳಗೆ ಬಟ್ಟೆ ಬಿಟ್ಟಿದ್ದೀನಿ, ಬೇಕಾದಾಗ ಬಿಚ್ಚಿದ್ರಾಯ್ತು" ಎಂದು ಅವನು ಎಲ್ಲವನ್ನೂ ದೊಗಳೆಯಾಗಿಯೇ ಹೊಲಿಯುತ್ತಿದ್ದ. ಹೊಸದಾಗಿ ಕಟ್ಟಿಸಲಿದ್ದ ಮನೆಯ ನಕ್ಷೆಯನ್ನೂ ಹಾಗೆಯೇ ಬರೆದ. ಬಟ್ಟೆಯ ಅಳತೆ ತೆಗೆಯುವ ಕಂದು ಕಾಗದವನ್ನೇ ನೆಲಕ್ಕೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೋಣೆ ಕೋಣೆಗೂ ಒಂದೂವರೆ ಅಡಿ ಹೆಚ್ಚಿಗೆ ಸೇರಿಸಿದ.

"ಅಪ್ಪಾ, ಮನೆ ಬೆಳೆಯಲ್ಲ" ಎಂದಳು ಮಗಳು. ಹುಟ್ಟಿದಾಗ ಅಂಗಿಯ ಗುಂಡಿಯಂತೆ ದುಂಡಗೆ ಪುಟ್ಟದಾಗಿ ಇದ್ದಳೆಂದು ಅಪ್ಪ ಇಟ್ಟ ಅಡ್ಡಹೆಸರು ಗುಂಡಿ. ಈಗ ಹದಿಮೂರು ವರ್ಷ, ಉದ್ದಕ್ಕೆ ಬೆಳೆದಿದ್ದರೂ ಹೆಸರು ಬಿಟ್ಟಿರಲಿಲ್ಲ.

"ಮನೆ ಬೆಳೆಯಲ್ಲ, ಒಳಗಿರೋರು ಬೆಳೀತಾರೆ. ನಿಮ್ಮಮ್ಮನ್ನೇ ನೋಡು."

"ನನ್ನ ಸೊಂಟದ ಸುದ್ದಿಗೆ ಬಂದ್ರೆ ನೋಡಿ ಮತ್ತೆ" ಎಂಬ ದನಿ ಪರದೆಯ ಹಿಂದಿನಿಂದ ಬಂತು.

ಮನೆ ಕಟ್ಟಿಸಲು ಕಾರಣ ಇದ್ದದ್ದೂ ಆ ಪರದೆಯ ಹಿಂದೆಯೇ. ಟೈಲರನ ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಬೆಳಗ್ಗೆ ಎಂಟಕ್ಕೆ ಬಂದು, ಸ್ನಾನ ಮುಗಿಸಿ, ಒಂಬತ್ತಕ್ಕೆ ಒರಗಿದರೆ ಮೂರರ ತನಕ ಅವಳ ರಾತ್ರಿ. ಬಾಡಿಗೆಯ ಒಂದೇ ಕೋಣೆಯ ಮನೆ. ಪರದೆಯ ಆಚೆ ಅವಳ ಮಂಚ, ಈಚೆ ಅಡುಗೆ ಮತ್ತು ಗುಂಡಿಯ ಪುಸ್ತಕ, ಹೊರಗೆ ಮೆಟ್ಟಿಲ ಕೆಳಗೆ ಅವನ ಹೊಲಿಗೆ ಮಿಷನ್ನು. ಗಿರಾಕಿಗಳಿಗೆ ಅವನು ಕೈಸನ್ನೆಯಲ್ಲೇ ಮಾತಾಡಲು ಕಲಿಸಿದ್ದ. ಆದರೂ ಹನ್ನೊಂದು ವರ್ಷಗಳಿಂದ ಅವಳು ಒಂದು ದಿನವೂ ಎರಡು ಗಂಟೆ ಒಂದೇ ಸಮ ಮಲಗಿರಲಿಲ್ಲ. ಈಚೆಗೆ ಸಿರಿಂಜ್ ಹಿಡಿದ ಕೈ ನಡುಗುತ್ತದೆ ಎಂದು ಒಂದು ಸಲ ಹೇಳಿದ್ದಳು. ಒಂದೇ ಸಲ. ಅವನಿಗೆ ಅದು ಸಾಕಾಗಿತ್ತು.

ಆದ್ದರಿಂದ ನಕ್ಷೆಯಲ್ಲಿ ಮೊದಲು ಎಳೆದದ್ದು ಅವಳ ಕೋಣೆ. ಬೀದಿಯ ಗಲಾಟೆಗೆ ಆದಷ್ಟು ದೂರ, ನಿವೇಶನದ ತೀರಾ ಹಿಂಬದಿಗೆ. ಮುಂದೆ ಬೀದಿಗೆ ಬಾಗಿಲಿರುವ ಕೋಣೆ ಅವನ ಅಂಗಡಿ. ಗಾಜಿನ ಕಿಟಕಿ, ಅದರ ಹಿಂದೆ ಇಸ್ತ್ರಿ ಮಾಡಿ ತೂಗುಹಾಕಿದ ಒಂದು ಕೋಟು, ಮೇಲೆ ಬೋರ್ಡು. ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಕೂತೂ ಕೂತೂ ಕತ್ತು ಬಿಗಿದುಹೋಗಿದ್ದ ಅವನು ಆ ಕೋಟಿನ ಬಣ್ಣವನ್ನು ಕೂಡ ಯೋಚಿಸಿಟ್ಟಿದ್ದ.

ಜಾಗ ನೋಡಲು ಅವರು ಹೋಗಿದ್ದು ನಾಲ್ಕು ಸಲ. ನಾಲ್ಕೂ ಸಲ ಭಾನುವಾರ ಸಂಜೆ. ಅವನಿಗೆ ಬಿಡುವು ಸಿಗುತ್ತಿದ್ದುದು ಆಗ ಮಾತ್ರ. ಆ ಹೊತ್ತಿಗೆ ಬೀದಿಯ ತುಂಬ ಚೆಂಡಾಡುವ ಮಕ್ಕಳು, ಬೈಕುಗಳು, ಜಗಲಿ ಹರಟೆ. ಹಿಂದುಗಡೆ ಶಟರ್ ಎಳೆದ ಒಂದು ಶೆಡ್ಡು, ಗಪ್‌ಚಿಪ್. "ಗೋದಾಮು ಇರಬೇಕು, ಪಾಪದ್ದು" ಎಂದಿದ್ದ ಅವನು.

ಪಾಯ ತೋಡುವ ಯಂತ್ರ ಗುರುವಾರ ಬರುವುದಿತ್ತು. ಬುಧವಾರ ಬೆಳಗ್ಗೆ ಇಂಜಿನಿಯರ್ ಹುಡುಗಿ ಸುಣ್ಣದ ಪುಡಿಯ ಡಬ್ಬಿ, ದಾರದ ಉಂಡೆ ಹಿಡಿದು ಬಂದಳು. ನಕ್ಷೆ ನೋಡಿ ತಲೆ ಕೆರೆದುಕೊಂಡಳು.

"ಸರ್, ಈ ಕಾಂಪೌಂಡ್ ಗೋಡೆಯಿಂದ ಆ ಗೋಡೆ ತನಕ ಮನೇನೇ ತುಂಬಿಸಿದ್ದೀರಿ. ಪಕ್ಕದಲ್ಲಿ ಬೆಕ್ಕು ಓಡಾಡೋಕೂ ಜಾಗ ಇಲ್ಲ."

"ಬೆಕ್ಕಿಗೆ ಬೇರೆ ಮನೆ ಕಟ್ಟಿಕೊಳ್ಳೋಕೆ ಹೇಳಿ, ಮೇಡಂ" ಎಂದ ಅವನು.

ನೆಲದ ಮೇಲೆ ಬಿಳಿ ಗೆರೆಗಳು ಮೂಡಿದವು. ಶಾಲೆಗೆ ಒಂದು ದಿನ ರಜೆ ಹಾಕಿ ಬಂದಿದ್ದ ಗುಂಡಿ, ಇನ್ನೂ ಇಲ್ಲದ ಬಾಗಿಲನ್ನು ತಟ್ಟಿಯೇ ಒಳಗೆ ಹೋಗುತ್ತಿದ್ದಳು. ಒಂಬತ್ತರ ಹೊತ್ತಿಗೆ ಅವನ ಹೆಂಡತಿ ಆಸ್ಪತ್ರೆಯಿಂದ ನೇರ ಅಲ್ಲಿಗೇ ಬಂದಳು. ಕಣ್ಣು ಕೆಂಪಗೆ, ಕೈಯಲ್ಲಿ ಖಾಲಿ ಬುತ್ತಿ.

"ಎಲ್ರೀ ನನ್ನ ಅರಮನೆ?"

ಅವನು ಹಿಂಬದಿಯ ಚೌಕಕ್ಕೆ ಕರೆದೊಯ್ದು ಚಾಪೆ ಹಾಸಿದ. ಶೆಡ್ಡಿನ ನೆರಳು ಅಲ್ಲಿ ತಂಪಾಗಿ ಬಿದ್ದಿತ್ತು. "ಒಂದು ಸಲ ಮಲಗಿ ನೋಡು. ಅಂಗಿ ಆದ್ರೆ ಹಾಕಿ ನೋಡಲ್ವಾ, ಹಾಗೆ."

"ನಾಲ್ಕು ಜನ ನೋಡಿದ್ರೆ ಏನಂದ್ಕೊಳ್ತಾರೆ?" ಎಂದಳು. ಆದರೆ ಮಾತು ಮುಗಿಯುವುದರೊಳಗೆ ಬ್ಯಾಗನ್ನು ತಲೆದಿಂಬು ಮಾಡಿಕೊಂಡಾಗಿತ್ತು. ಅವಳ ಉಸಿರು ನಿಧಾನವಾದದ್ದನ್ನು ಕಂಡು ಟೈಲರ್ ಗೆದ್ದವನಂತೆ ಇಂಜಿನಿಯರ್ ಕಡೆ ನೋಡಿದ.

ಆಗ ಹಿಂದಿನ ಶೆಡ್ಡಿನ ಶಟರ್ ಮೇಲೇರಿತು. ಹತ್ತು ನಿಮಿಷದೊಳಗೆ ಒಳಗಿನಿಂದ ತಗಡು ಬಡಿಯುವ ಸದ್ದು ಶುರುವಾಯಿತು. ಒಂದು ಸುತ್ತಿಗೆ, ಎರಡು, ಆಮೇಲೆ ಲೆಕ್ಕವಿಲ್ಲ. ಅದು ಕಬ್ಬಿಣದ ಬೀರು ಮಾಡುವ ಶೆಡ್ಡು. ಅವಳು ದಿಗ್ಗನೆ ಎದ್ದು ಕೂತಳು.

"ಯಾವ ವಾರ್ಡು?" ಎಂದು ಕೇಳಿದಳು. ಆಮೇಲೆ ಎಲ್ಲಿದ್ದೇನೆಂದು ತಿಳಿದು ಮುಖ ಒರೆಸಿಕೊಂಡಳು.

ಟೈಲರ್ ಹಿಂದಿನ ಕಾಂಪೌಂಡ್ ಗೋಡೆ ಹತ್ತಿ ಇಣುಕಿ ಕೇಳಿ ಬಂದ. "ದಿನಾ ಒಂಬತ್ತೂವರೆಯಿಂದ ಐದರ ತನಕವಂತೆ. ಭಾನುವಾರ ಮಾತ್ರ ರಜ." ಅವನ ದನಿ ಸಪ್ಪಗಾಗಿತ್ತು. ನಾಲ್ಕು ಸಲ ಬಂದು, ಮೊಳ ಮೊಳ ಅಳೆದು, ಅವಳು ಮಲಗುವ ಹೊತ್ತಿನಲ್ಲಿ ಒಮ್ಮೆಯೂ ಬಂದು ನೋಡಿರಲಿಲ್ಲವಲ್ಲ.

"ಹೋಗ್ಲಿ ಬಿಡ್ರೀ. ಕಿವಿಗೆ ಹತ್ತಿ ಇಟ್ಕೋತೀನಿ" ಎಂದಳು.

"ಹನ್ನೊಂದು ವರ್ಷದಿಂದ ಇಟ್ಕೊಂಡಿದ್ದೀಯಲ್ಲ. ಸಾಲ್ದಾ?"

ಅವನು ಗೆರೆಗಳನ್ನು ದಾಟಿ ದಾಟಿ ಬೀದಿಯ ಕಡೆಗೆ ನಡೆದ. ಅಂಗಡಿಯ ಚೌಕದಲ್ಲಿ ನಿಂತು ಕಿವಿಗೊಟ್ಟ. ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಹೋಗಿ ಬೀದಿ ಬಿಕೋ ಎನ್ನುತ್ತಿತ್ತು. ಸುತ್ತಿಗೆಯ ಸದ್ದು ಇಲ್ಲಿ ದೂರದ್ದಾಗಿತ್ತು. ನಡುವೆ ಮೂರು ಗೋಡೆ ಎದ್ದರೆ ಅದೂ ಇರಲಾರದು. ಗಾಜಿನ ಕಿಟಕಿ ಬರಬೇಕಾಗಿದ್ದ ಗೆರೆಯನ್ನು ದಾಟಿ ಅವನು ಇಂಜಿನಿಯರ್ ಕಡೆ ತಿರುಗಿದ.

"ಮೇಡಂ, ಅಂಗಡಿ ಹಿಂದಕ್ಕೆ ಹಾಕಿ. ಇವಳ ಕೋಣೆ ಇಲ್ಲಿಗೆ."

"ತಲೆ ಕೆಟ್ಟಿದ್ಯಾ?" ಎಂದು ಹೆಂಡತಿ ಹಿಂದೆಯೇ ಬಂದಳು. "ಹಿತ್ತಲಲ್ಲಿ ಅಂಗಡಿ ಇಟ್ರೆ ಯಾರ್ರೀ ಬರ್ತಾರೆ?"

"ಪ್ಯಾಂಟು ಬಿಗಿಯಾದೋರೆಲ್ಲ ಬರ್ತಾರೆ. ಹೊಟ್ಟೆ ಬಂದೋನು ಮುಂದೆ ಹಿಂದೆ ನೋಡಲ್ಲ ಕಣೇ."

"ಎಷ್ಟು ವರ್ಷದಿಂದ ಆ ಕಿಟಕಿ ಕನಸು ಕಂಡಿದ್ದೀರಿ ಅಂತ ನಂಗೊತ್ತಿಲ್ವಾ?"

"ಕನಸು ಬೀಳಬೇಕಾದ್ರೂ ಯಾರಾದ್ರೂ ಒಬ್ರು ನಿದ್ದೆ ಮಾಡ್ಬೇಕಲ್ಲ."

ಇಂಜಿನಿಯರ್ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಗಂಟಲು ಸರಿಮಾಡಿಕೊಂಡಳು. "ಗಿರಾಕಿಗಳು ಹಿಂದಕ್ಕೆ ಹೋಗ್ಬೇಕಂದ್ರೆ ಪಕ್ಕದಲ್ಲಿ ಮೂರಡಿ ದಾರಿ ಬೇಕು, ಸರ್. ಮನೆ ಒಳಗಿಂದ ಓಡಾಡಿಸಿದ್ರೆ ಮೇಡಂ ಮತ್ತೆ ಏಳ್ತಾರೆ. ಅಕ್ಕಪಕ್ಕದ ಕೋಣೆಗಳಲ್ಲಿ ಒಂದೂವರೆ, ಒಂದೂವರೆ ನೀವೇ ಹೆಚ್ಚಿಗೆ ಸೇರಿಸಿದ್ದೀರಲ್ಲ…"

"ಅದು ಮುಂದಕ್ಕೆ ಬೇಕಾಗುತ್ತೆ ಅಂತ."

"ಮುಂದಕ್ಕೆ ಅಲ್ಲಪ್ಪ, ಈಗ ಬೇಕು" ಎಂದಳು ಗುಂಡಿ.

ಅವನು ಕತ್ತರಿ ಹಿಡಿದವನಂತೆ ಒಂದು ಕ್ಷಣ ತಡೆದ. ಆಮೇಲೆ ತಾನೇ ಎಳೆಸಿದ್ದ ಗೆರೆಯನ್ನು ಚಪ್ಪಲಿಯಿಂದ ಉಜ್ಜಿ ಅಳಿಸಿದ.

ಹೊಸ ಗೆರೆ ಎಳೆಯುವಷ್ಟರಲ್ಲಿ ಗುಂಡಿ ಚಾಪೆಯನ್ನು ಬೀದಿಯ ಬದಿಗೆ ತಂದು ಹಾಸಿದ್ದಳು. ಅಮ್ಮನಿಗೆ ಈ ಸಲ ಯಾರೂ ಹೇಳಬೇಕಾಗಲಿಲ್ಲ. ಮಗ್ಗುಲಾಗಿ, ಮಂಡಿ ಮಡಚಿ, ಒಂದು ಕೈಯನ್ನು ಗೆರೆಯ ಆಚೆ ಚಾಚಿ ಮಲಗಿಬಿಟ್ಟಳು. ಹಿಂದುಗಡೆ ಬೀರುಗಳು ಬಡಿಸಿಕೊಳ್ಳುತ್ತಲೇ ಇದ್ದವು. ಅವಳು ಮಿಸುಕಲಿಲ್ಲ.

"ಕಿಟಕಿ ಯಾವ ಕಡೆ, ಸರ್?" ಇಂಜಿನಿಯರ್ ಪಿಸುಗುಟ್ಟಿದಳು.

ಬಿಸಿಲು ಮಲಗಿದ್ದವಳ ಗಲ್ಲದ ತನಕ ಬಂದಿತ್ತು. ಟೈಲರ್ ಅತ್ತಿತ್ತ ನೋಡಿ, ಎರಡು ಹೆಜ್ಜೆ ಸರಿದು, ತನ್ನ ನೆರಳು ಅವಳ ಮುಖದ ಮೇಲೆ ಸರಿಯಾಗಿ ಬೀಳುವಂತೆ ನಿಂತ.

"ಈ ಕಡೆ ಬೇಡ. ಇಲ್ಲಿ ಪೂರ್ತಿ ಗೋಡೆ."

ಇಂಜಿನಿಯರ್ ಬಗ್ಗಿ ಅವನ ಕಾಲ ಪಕ್ಕದಲ್ಲೇ ಸುಣ್ಣ ಚೆಲ್ಲಿಕೊಂಡು ಹೋದಳು. ಮೂಲೆಯ ಗೂಟ ನೆಟ್ಟು, ದಾರ ಬಿಗಿದು, ಪುಸ್ತಕದಲ್ಲಿ ಬರೆದುಕೊಂಡಳು.

"ಗುರುತು ಆಯ್ತು, ಸರ್. ನೀವಿನ್ನು ಜರುಗಬಹುದು."

"ನೀವು ಹೊರಡಿ, ಮೇಡಂ" ಎಂದ ಅವನು ನಿಂತಲ್ಲಿಂದಲೇ, ದನಿ ತಗ್ಗಿಸಿ. "ಇವಳು ಏಳೋದು ಮೂರಕ್ಕೆ."