ಹಳ್ಳದಾಚೆಯ ಕೂಗು

ಟಿಕ್. ಟಿಕ್.

ಮಾಕುಟ್ಟದ ಕಾಡಂಚಿನ ಆ ಬಿಡಾರದಲ್ಲಿ ಎಲ್ಲರ ಊಟ ಮುಗಿದು ಎಷ್ಟೋ ಹೊತ್ತಾದ ಮೇಲೆ, ಹಳ್ಳದ ಕಡೆಯಿಂದ ಆ ಸಣ್ಣ ಸದ್ದು ಕೇಳಿತು. ದಿವ್ಯಶ್ರೀ ಕೇಳಿಸದವಳಂತೆ ಕುಳಿತಳು. ಅದು ಅವಳದೇ ಕೆಲಸ. ಸಂಜೆ ಪೊದೆಯೊಳಗೆ ಪುಟ್ಟ ಸ್ಪೀಕರ್ ಅಡಗಿಸಿಟ್ಟು ಬಂದಿದ್ದಳು. ಅದರಲ್ಲಿದ್ದದ್ದು ದೂರದ ಬೇರೊಂದು ಬೆಟ್ಟಸಾಲಿನಲ್ಲಷ್ಟೇ ಸಿಕ್ಕಿದ್ದ ಮರಗಪ್ಪೆಯ ಕೂಗು.

ಸಂಶೋಧನಾ ವಿದ್ಯಾರ್ಥಿನಿ ಅಮೃತಾಳನ್ನು ಈ ಮಳೆಗಾಲ ಕಾಡಿನ ಕೆಲಸಕ್ಕೆ ಒಬ್ಬಳನ್ನೇ ಬಿಡಬಹುದೇ ಎಂದು ವಿಶ್ವವಿದ್ಯಾಲಯದ ಸಮಿತಿಗೆ ತಿಳಿಸಬೇಕಾದವಳು ಅವಳ ಮಾರ್ಗದರ್ಶಿ ದಿವ್ಯಶ್ರೀ. ಬೇಡವೆಂದರೆ ಹುಡುಗಿಯ ಪಿಎಚ್‌ಡಿ ಇನ್ನೊಂದು ಮಳೆಗಾಲಕ್ಕೆ ಕಾಯಬೇಕು. ಬಿಡಬಹುದು ಎಂದು ಹೇಳಿ, ನಾಳೆ ಅವಳು ಇಲ್ಲದ ಕಪ್ಪೆಯನ್ನು ಇದೆ ಎಂದು ಬರೆದುಬಿಟ್ಟರೆ? ಈ ಅಳುಕಿನಲ್ಲಿ ದಿವ್ಯಶ್ರೀಗೆ ಅನ್ನ ಸೇರಿರಲಿಲ್ಲ.

ಅಮೃತಾ ಟಾರ್ಚ್ ಹಿಡಿದು ಎದ್ದಳು. ಅರಣ್ಯ ಇಲಾಖೆಯ ವಾಚರ್ ಮೊಣ್ಣಪ್ಪ ಕೋಲು ಎತ್ತಿಕೊಂಡ.

"ನಿಧಾನ ಅಮ್ಮ. ಆನೆ ಬಂದ್ರೆ ಅದೂ ಪರೀಕ್ಷೆ ಮಾಡ್ತದೆ."

"ಅದ್ರಲ್ಲಿ ಮೊದ್ಲು ನೀವೇ ಪಾಸಾಗಿ ಮೊಣ್ಣಪ್ಪಣ್ಣ."

ಹಳ್ಳದ ದಂಡೆಯಲ್ಲಿ ಅಮೃತಾ ಬೆಳಕು ಬಿಟ್ಟಳು, ಆರಿಸಿದಳು, ಕಾಲಿನಿಂದ ತರಗೆಲೆ ಕೆದಕಿದಳು. ಸದ್ದು ನಿಲ್ಲಲಿಲ್ಲ.

"ಯಾವುದು?" ಎಂದಳು ಹಿಂದೆಯೇ ಬಂದಿದ್ದ ದಿವ್ಯಶ್ರೀ.

"ಕೂಗು ಗೊತ್ತು ಮೇಡಂ. ಕಪ್ಪೆ ಅಂತ ಮಾತ್ರ ಹೇಳಲ್ಲ."

"ಯಾಕೆ?"

"ಬುಡಕ್ಕೇ ಬಂದ್ರೂ ಹೆದರ್ತಾ ಇಲ್ಲ. ಇಷ್ಟು ಧೈರ್ಯ ಇರೋ ಕಪ್ಪೆಗೆ ಬ್ಯಾಟರಿ ಇರುತ್ತೆ." ಪೊದೆಗೆ ಕೈಹಾಕಿ ಸ್ಪೀಕರ್ ತೆಗೆದು, ಆರಿಸಿ, ದಿವ್ಯಶ್ರೀಯ ಕೈಗಿಟ್ಟಳು. "ನಿಮ್ಮದೇ ಅನ್ಸುತ್ತೆ."

ದಿವ್ಯಶ್ರೀಗೆ ನಾಚಿಕೆಯಾಯಿತು, ಜೊತೆಗೇ ನೆಮ್ಮದಿಯೂ. ಏನೋ ಹೇಳಲು ಬಾಯಿ ತೆರೆದಳು.

ಟಿಕ್. ಟಿಕ್‌ಟಿಕ್. ಈ ಸಲ ಹಳ್ಳದಾಚೆಯಿಂದ.

"ಇನ್ನೊಂದು ಇಟ್ಟಿದ್ದೀರಾ ಮೇಡಂ?"

"ಇಲ್ಲ."

"ನಾನೂ ಇಟ್ಟಿಲ್ಲಪ್ಪ," ಎಂದ ಮೊಣ್ಣಪ್ಪ.

ಟಾರ್ಚ್ ಬಿಟ್ಟೊಡನೆ ಅದು ಸುಮ್ಮನಾಯಿತು. ಆರಿಸಿ ಕಾದರೆ, ಹಿಂಜರಿಯುತ್ತ ಮತ್ತೊಂದು ಸಲ ಕೂಗಿತು. ಹಳ್ಳ ತುಂಬಿ ಹರಿಯುತ್ತಿತ್ತು, ದಾಟುವಂತಿರಲಿಲ್ಲ.

ದಿವ್ಯಶ್ರೀ ಅಮೃತಾಳ ತೋಳು ಹಿಡಿದಳು. "ಬರ್ಕೋ ಅಮೃತಾ. ಅದೇ ಕಪ್ಪೆ. ನಮ್ಮ ಸ್ಪೀಕರಿಗೆ ಉತ್ತರ ಕೊಡ್ತಿದೆ. ಇದು ಇಲ್ಲಿದೆ ಅಂದ್ರೆ ಎಷ್ಟು ದೊಡ್ಡ ವಿಷಯ ಗೊತ್ತಾ?"

"ನೋಡದೆ ಬರೆಯಲ್ಲ ಮೇಡಂ. ನಮ್ಮ ಸದ್ದಿಗೆ ಬೇರೆ ಯಾವುದೋ ರೇಗಿರಬಹುದು. ನಾವು ಕರೀದೇ ಇದ್ದಾಗ್ಲೂ ಕೂಗಲಿ. ಮಳೆಗಾಲ ಪೂರ್ತಿ ಇಲ್ಲೇ ಹುಡುಕ್ತೀನಿ." ಸ್ವಲ್ಪ ತಡೆದು, "ನೀವು ಬಿಟ್ರೆ," ಎಂದಳು.

ಇಲ್ಲದ ಕಪ್ಪೆಯನ್ನು ಅವಸರದಲ್ಲಿ ಬರೆಯಲು ಹೊರಟವಳು ಯಾರೆಂದು ದಿವ್ಯಶ್ರೀಗೆ ಹೊಳೆಯಿತು.

"ಬಿಟ್ಟಿದ್ದೀನಿ," ಎಂದಳು.

ಬಿಡಾರಕ್ಕೆ ಮರಳುವ ದಾರಿಯುದ್ದಕ್ಕೂ ಅವಳ ಕಿವಿ ಹಳ್ಳದ ಕಡೆಗೇ ಇತ್ತು. ಸಮಿತಿಗೆ, ಹುಡುಗಿ ತಯಾರಿದ್ದಾಳೆ ಎಂದಷ್ಟೇ ಹೇಳಿದರಾಯಿತು. ಹಳ್ಳದಾಚೆಯಿಂದ ಬಂದ ಉತ್ತರದ ಮಾತನ್ನು ಮಾತ್ರ, ಅಮೃತಾ ಕಣ್ಣಾರೆ ಕಂಡು ತಾನೇ ಹೇಳುವ ತನಕ, ಯಾರ ಮುಂದೆಯೂ ಎತ್ತಬಾರದೆಂದು ಅವಳು ನಿರ್ಧರಿಸಿದಳು.