ಕೊನೆಯವರೆಗೆ ಕೇಳುವ ನಿಯಮ

ಅನುಮಾನ ಪಡುವುದಕ್ಕೇ ಸಂಬಳ ಸಿಗುವ ಕೆಲಸ ಯಜ್ಞೇಶನದು. ಗಲ್ಫಿನ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಕೈಯಲ್ಲೊಂದು ಯಂತ್ರ ಹಿಡಿದು, ಯಾವ ಪೈಪು ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತ ತಿರುಗಬೇಕು. ಇಲ್ಲಿ ಸೋರುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಮೊದಲು ಅಲ್ಲೇ ನೋಡಬೇಕು. ತಪ್ಪೇನಿಲ್ಲ, ಗ್ಯಾಸಿನ ಹತ್ತಿರ ಭೋಳೆತನ ನಡೆಯುವುದಿಲ್ಲ. ಆದರೆ ಗೇಟು ದಾಟಿ ಹೊರಗೆ ಬಂದ ಮೇಲಾದರೂ ಮನುಷ್ಯ ಆ ಯಂತ್ರವನ್ನು ಕೆಳಗಿಡಬೇಕಲ್ಲ! ಯಜ್ಞೇಶ ಇಡುತ್ತಿರಲಿಲ್ಲ. ಮೀನಿನವನು ನಕ್ಕರೆ ಮೀನು ಹಳತು, ಹೆಂಡತಿ ನಕ್ಕರೆ ಊರಿಗೆ ಹೋಗುವ ಮಾತು ಬರಲಿದೆ, ಹೀಗೇ ಅವನ ತಲೆ ಓಡುತ್ತಿತ್ತು.

ಅವನ ಅನುಮಾನಕ್ಕೆ ರಜೆ ಸಿಗುತ್ತಿದ್ದದ್ದು ಒಂದೇ ಕಡೆ, ಐನ್ ಖಾಲಿದ್ ಬಡಾವಣೆಯ ವೆರೋನಿಕಾ ಟೀಚರ್ ಮನೆಯಲ್ಲಿ. ಬಂಟ್ವಾಳದ ಕಡೆಯ ಈ ಟೀಚರ್ ದೋಹಾದ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಾರೆ. ಶುಕ್ರವಾರ ಸಂಜೆ ಅವರ ಮನೆಯಲ್ಲಿ ಶಾಸ್ತ್ರೀಯ ಸಂಗೀತದ ಹುಚ್ಚಿರುವ ಕೆಲವರು ಸೇರುತ್ತಾರೆ. ಹಾಡುವವರು ಯಾರೂ ಇಲ್ಲ, ಎಲ್ಲರೂ ಕೇಳುವವರೇ. ಹಳೆಯ ಗ್ರಾಮಫೋನ್ ತಟ್ಟೆಗಳು, ಯಾರೋ ಕಛೇರಿಯಲ್ಲಿ ಕೂತು ಹಿಡಿದ ಕ್ಯಾಸೆಟ್ಟುಗಳು, ಯಾರದೋ ಅಟ್ಟದಿಂದ ಇಳಿದು ಬಂದ ಧ್ವನಿಗಳು. ಕೂಟಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಹಾಡು ಶುರುವಾದರೆ ಏಸಿ ಬಂದ್, ಅದರ ಗುಂಯ್ ಸದ್ದು ತಂಬೂರಿಯ ಶ್ರುತಿಯನ್ನು ಕೆಡಿಸುತ್ತದೆಂದು. ಜುಲೈ ತಿಂಗಳಲ್ಲೂ ಬಂದ್. ಬೆವರು ಒರೆಸಿಕೊಳ್ಳುತ್ತ ಕೇಳಬೇಕು. ಕ್ಯಾಸೆಟ್ ತಂದವನು, ಹಾಡುತ್ತಿರುವವರು ಯಾರು, ಅದು ಎಲ್ಲಿ ಸಿಕ್ಕಿತು ಎಂದು ಬಾಯಿಬಿಡುವಂತಿಲ್ಲ. ಮುಗಿದ ಮೇಲೆ ಎಲ್ಲರೂ ಊಹಿಸಬೇಕು, ಆಮೇಲೆ ಅವನು ಹೇಳಬೇಕು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಹಾಕಿದ ಕ್ಯಾಸೆಟ್ಟನ್ನು ಕೊನೆಯವರೆಗೆ ಕೇಳಬೇಕು. ಕೆಮ್ಮು, ಚಪ್ಪಾಳೆ, ಖಾಲಿ ಟೇಪಿನ ಸುಯ್ ಸದ್ದು ಎಲ್ಲ ಸೇರಿಸಿ. ಅರ್ಧಕ್ಕೆ ನಿಲ್ಲಿಸುವುದೆಂದರೆ ಉಣ್ಣುತ್ತಿದ್ದವನ ಎಲೆ ಎಳೆದ ಹಾಗೆ.

ಈ ಕೂಟಕ್ಕೆ ಹೊಸದಾಗಿ ಬಂದವನು ಫವಾಝ್. ಊರ ಕಡೆಯ ಬ್ಯಾರಿ ಮುಸ್ಲಿಂ ಹುಡುಗ, ಮೂವತ್ತೈದರ ಆಸುಪಾಸು. ದೋಹಾದ ಸ್ಟುಡಿಯೊ ಒಂದರಲ್ಲಿ ಮಾಲುಗಳಿಗೆ, ಅಂಗಡಿಗಳಿಗೆ ಬೇಕಾದ ಅನೌನ್ಸ್‌ಮೆಂಟ್ ತಯಾರಿಸುವ ಕೆಲಸ. ಕಂಪ್ಯೂಟರಿನಿಂದ ಯಾರ ಸ್ವರದಲ್ಲಿ ಬೇಕಾದರೂ ಮಾತಾಡಿಸುತ್ತೇನೆ ಎಂದು ಒಮ್ಮೆ ತಮಾಷೆಗೆ ಟೀಚರ ವಾಟ್ಸಾಪ್ ವಾಯ್ಸ್ ನೋಟೊಂದನ್ನು ತೆಗೆದುಕೊಂಡು, ಮುಂದಿನ ವಾರ ಅದೇ ಸ್ವರದಲ್ಲಿ "ಸಂಜಯ್, ಗೋಳಿಬಜೆ ನಿಮಗೊಬ್ಬರಿಗೇ ಅಲ್ಲ" ಎಂದು ಹೇಳಿಸಿದ್ದ. ಗೋಳಿಬಜೆಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಕೌಂಟೆಂಟ್ ಸಂಜಯ್ ಸೇರಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಯಜ್ಞೇಶ ಮಾತ್ರ ನಗಲಿಲ್ಲ. ಸ್ವರಕ್ಕೂ ನಕಲಿ ಬಂತಲ್ಲ ಎಂದುಕೊಂಡ. ಅಂದಿನಿಂದ ಫವಾಝ್ ಎಲ್ಲಿ ಕೂತರೂ ಇವನ ಒಂದು ಕಣ್ಣು ಅಲ್ಲಿ.

ಒಂದು ಶುಕ್ರವಾರ ಚಹಾದ ಹೊತ್ತಿಗೆ ಯಜ್ಞೇಶ ತಾನಾಗಿಯೇ ತನ್ನ ಅಕ್ಕನ ವಿಷಯ ತೆಗೆದ. ಹಾಗೆ ಮನಸ್ಸು ಬಿಚ್ಚುವವನಲ್ಲ. ಆ ದಿನ ಕೇಳಿದ ಸಾವೇರಿ ರಾಗ ಬಾಯಿ ಬಿಡಿಸಿತ್ತು.

"ನಮ್ಮಕ್ಕ, ಪೂವಕ್ಕ ಅಂತ. ಉಪ್ಪಿನಂಗಡಿಯಲ್ಲಿ ನಮ್ಮ ಮನೆ. ಮೇಷ್ಟ್ರೊಬ್ಬರು ಬಂದು ಪಾಠ ಹೇಳ್ತಿದ್ರು. ದೊಡ್ಡವಳಾದ ಮೇಲೆ ಅಪ್ಪ ಬೇಡ ಅಂದ್ರು, ಪಾಠ ನಿಂತಿತು. ಅವಳೂ ಆಮೇಲೆ ಹಾಡಲಿಲ್ಲ, ಆಸೆಯೇ ಹೋಯ್ತು ಅವಳಿಗೆ. ಮದುವೆಯಾಗಿ ವರ್ಷ ತುಂಬುವ ಮೊದಲು ಕಾಮಾಲೆಯಲ್ಲಿ ತೀರಿಕೊಂಡಳು. ನಾನಾಗ ಸಣ್ಣವ."

"ಅವರ ರೆಕಾರ್ಡಿಂಗ್ ಉಂಟಾ?" ಎಂದರು ಟೀಚರ್.

"ಎಲ್ಲಿಂದ? ನಮ್ಮಲ್ಲಿ ಟೇಪ್ ರೆಕಾರ್ಡರೇ ಇರಲಿಲ್ಲ."

ಒಂದು ಫೋಟೊ ಇತ್ತು, ಮುಖ ಮರೆತಿರಲಿಲ್ಲ. ಸ್ವರ ಮಾತ್ರ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತ ಬಂದು ಈಗ ಹಿಡಿದರೆ ಕೈಗೇ ಸಿಗುತ್ತಿರಲಿಲ್ಲ. ಅವನು ಹುಚ್ಚನ ಹಾಗೆ ಹಳೆಯ ಕ್ಯಾಸೆಟ್ಟುಗಳ ಹಿಂದೆ ಬಿದ್ದದ್ದೇ ಅದಕ್ಕೆ. ಯಾವುದಾದರೂ ಹೆಣ್ಣುದನಿ ಅಕ್ಕನದನ್ನು ಹೋಲುತ್ತದೋ ಎಂದು ಹುಡುಕುವುದು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

"ಉಪ್ಪಿನಂಗಡಿಯಲ್ಲಿ ಎಲ್ಲಿ ಯಜ್ಞೇಶಣ್ಣ?" ಎಂದು ಫವಾಝ್ ಕೇಳಿದ.

"ಹಳೇ ಶಾಲೆಯ ಹಿಂದೆ. ಯಾಕೆ?"

"ಸುಮ್ಮನೆ."

ಸುಮ್ಮನೆ ಯಾರೂ ಏನನ್ನೂ ಕೇಳುವುದಿಲ್ಲ ಎಂಬುದು ಯಜ್ಞೇಶನ ಸಿದ್ಧಾಂತ. ಮನೆಗೆ ಹೋಗುವ ದಾರಿಯುದ್ದಕ್ಕೂ ಆ "ಸುಮ್ಮನೆ" ಅವನ ತಲೆ ತಿಂದಿತು.

ಕೆಲವು ವಾರ ಕಳೆದು ಫವಾಝ್ ಒಂದು ಕ್ಯಾಸೆಟ್ ತಂದ. ಹೆಸರಿಲ್ಲ, ಚೀಟಿಯಿಲ್ಲ, ಪ್ಲಾಸ್ಟಿಕ್ ಹಳದಿಗಟ್ಟಿದೆ. ಟೀಚರ್ ಏಸಿ ನಿಲ್ಲಿಸಿದರು. ಮೊದಲು ಅರೆಯುವ ಕಲ್ಲಿನ ಸದ್ದು ಕೇಳಿಸಿತು, ಎಲ್ಲೋ ಕೋಳಿ ಕೂಗಿತು, ಬಳೆಗಳು ಸರಿದವು. ಆಮೇಲೆ ಶ್ರುತಿಪೆಟ್ಟಿಗೆ ಇಲ್ಲದೆ, ತಾಳವಿಲ್ಲದೆ, ಒಂದು ಹೆಣ್ಣುದನಿ ಸಾವೇರಿಯನ್ನು ಎತ್ತಿಕೊಂಡಿತು.

ಯಜ್ಞೇಶನ ಕೈಯಲ್ಲಿದ್ದ ಕರವಸ್ತ್ರ ಜಾರಿ ಬಿತ್ತು. ಮೇಲಿನ ಷಡ್ಜಕ್ಕೆ ಹೋಗುವ ಮೊದಲು ಆ ದನಿ ಒಂದು ಚೂರು ಒಡೆಯಿತು, ಒಡೆದದ್ದಕ್ಕೆ ತಾನೇ ನಾಚಿ ಮತ್ತೆ ಹತ್ತಿತು. ಅಕ್ಕ! ಅಕ್ಕ ಅಲ್ಲದೆ ಇನ್ನು ಯಾರು? ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಹಾಡಿನ ನಡುವೆ ಅದು ಉಳಿದವರಿಗೂ ಕೇಳಿಸೀತೆಂದು ಅವನಿಗೆ ಹೆದರಿಕೆಯಾಯಿತು. ಅಳು ಬಂತು.

ಅಳು ಬಂದಷ್ಟೇ ಬೇಗ ಅನುಮಾನವೂ ಬಂತು. ನಾನು ಬಾಯಿಬಿಟ್ಟದ್ದು ಯಾವಾಗ? ಮೊನ್ನೆ ಮೊನ್ನೆ. ಅದೂ ಸಾವೇರಿ ಕೇಳಿದ ದಿನ. ಈಗ ಅಕ್ಕ, ಅದೇ ಸಾವೇರಿಯಲ್ಲಿ. ತಂದವನು ಯಾರು? ಸ್ವರ ತಯಾರಿಸುವವನು. ಕೋಳಿ ಯಾಕೆ, ಅರೆಯುವ ಕಲ್ಲು ಯಾಕೆ? ಹಳತು ಎಂದು ನಂಬಿಸುವುದಕ್ಕೆ. ಅವನು ಕೇಳುವುದನ್ನು ಬಿಟ್ಟು ಸೋರುವ ಜಾಗ ಹುಡುಕತೊಡಗಿದ.

ಹಾಡು ಮುಗಿಯಿತು. ಟೇಪಿನಲ್ಲಿ ಯಾರೋ ನಕ್ಕರು. "ಸಾಕಾ?" ಎಂದು ಹಾಡಿದವಳು ತುಳುವಿನಲ್ಲಿ ಕೇಳಿದಳು. ತಕ್ಷಣ ಫವಾಝ್ ಕೈ ಚಾಚಿ ಗುಂಡಿ ಒತ್ತಿದ. ಟೇಪು ನಿಂತಿತು.

ಕೂಟದಲ್ಲಿ ಹೀಗೆ ಯಾವತ್ತೂ ಆಗಿರಲಿಲ್ಲ. ಸಂಜಯ್ ಕಣ್ಣು ಬಿಟ್ಟ.

"ಯಾಕೆ ನಿಲ್ಲಿಸಿದ್ದು?" ಯಜ್ಞೇಶನ ದನಿ ಅವನಿಗೇ ಗುರುತು ಸಿಗಲಿಲ್ಲ.

"ಹಾಡು ಮುಗೀತಲ್ವಾ ಅಣ್ಣ. ಮುಂದೆ ಹಾಡಿಲ್ಲ, ಬರೀ ಮಾತು."

"ಆ ಮಾತೇ ಬೇಕು ನನಗೆ. ಹಾಕು."

ಫವಾಝ್ ಕ್ಯಾಸೆಟ್ಟನ್ನು ಹೊರಗೆ ತೆಗೆದ. "ಇದು ನಿಮ್ಮಕ್ಕನೇ. ನನ್ನ ತಾಯಿ, ಸಾರಮ್ಮ ಉಮ್ಮ, ನಿಮ್ಮಕ್ಕನ ದೋಸ್ತಿ, ಬೇಲಿಯಾಚೆ ಮನೆ. ಮೊಯ್ದಿನ್ ಮಾಮ ಗಲ್ಫಿನಿಂದ ಟೇಪ್ ರೆಕಾರ್ಡರ್ ತಂದಿದ್ರು. ಪಾಠ ನಿಂತ ಮೇಲೆ ನಿಮ್ಮಕ್ಕ ಮಧ್ಯಾಹ್ನ ಬಂದು ನಮ್ಮ ಅಡುಗೆಮನೆಯಲ್ಲಿ ಕೂತು ಹಾಡ್ತಿದ್ರಂತೆ. ನೀವು ಅವತ್ತು ಹೇಳಿದ ಮೇಲೆ ಉಮ್ಮನಿಗೆ ಫೋನ್ ಮಾಡಿದೆ. ಅವರು ಊರಿಂದ ಬರುವವರ ಕೈಯಲ್ಲಿ ಕಳಿಸಿದ್ರು. ಮೊದಲೇ ಹೇಳುವ ಅಂತ ಇದ್ದೆ, ಆದರೆ ನಿಯಮ ಉಂಟಲ್ಲ."

"ಹಾಗಾದ್ರೆ ಮುಂದಿನದ್ದು ಹಾಕಲಿಕ್ಕೆ ಎಂತ ಕಷ್ಟ?"

"ಉಮ್ಮ ಬೇಡ ಅಂದಿದ್ದಾರೆ."

ಇಲ್ಲಿದೆ ನೋಡು ಸೋರಿಕೆ ಎಂದುಕೊಂಡ ಯಜ್ಞೇಶ. ಕಂಪ್ಯೂಟರಿನಿಂದ ಹಾಡಿಸಬಹುದು, ಆದರೆ ಇಬ್ಬರು ಹೆಂಗಸರ ತುಳು ಮಾತು ತಯಾರಿಸುವುದು ಅಷ್ಟು ಸುಲಭವಲ್ಲ, ಅದಕ್ಕೇ ನಿಲ್ಲಿಸಿದ್ದಾನೆ. ಸಿಟ್ಟು ನೆತ್ತಿಗೇರಿತು.

"ನಮ್ಮ ಮನೆಯ ಹೆಣ್ಣುಮಕ್ಕಳು ಕಂಡವರ ಅಡುಗೆಮನೆಯಲ್ಲಿ ಕೂತು ಹಾಡಿದವರಲ್ಲ. ನಿನ್ನ ಕಂಪ್ಯೂಟರಿನ ಆಟ ಸತ್ತವಳ ಹತ್ತಿರ ಆಡ್ಬೇಡ. ನಾಚಿಕೆ ಆಗ್ಬೇಕು ನಿನಗೆ!"

"ಕಂಡವರು" ಎಂಬ ಮಾತು ಹೊರಬಿದ್ದ ಮೇಲೆ ಅಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಫವಾಝ್ ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು ಎದ್ದ. "ಖಲಾಸ್ ಅಣ್ಣ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದ.

ಸಂಜಯ್ ಕೂಡ ಏನೋ ನೆಪ ಹೇಳಿ ಹೊರಟ. ಟೀಚರ್ ಏಸಿ ಹಾಕಿ, ಚಹಾದ ಲೋಟಗಳನ್ನು ಒಟ್ಟು ಮಾಡಿದರು. ಯಜ್ಞೇಶ ಕೂತಲ್ಲೇ ಕೂತಿದ್ದ. ಅವನಿಗಿನ್ನೂ ನ್ಯಾಯ ಬೇಕಿತ್ತು.

"ಅವನನ್ನು ಕೂಟದಿಂದ ತೆಗೀಬೇಕು ಟೀಚರ್."

"ಒಂದು ಕೇಳ್ತೇನೆ, ಹೇಳಿ. ನನ್ನ ಸ್ವರ ಮಾಡುವಾಗ ಆ ಹುಡುಗ ನನ್ನ ವಾಯ್ಸ್ ನೋಟ್ ತೆಗೊಂಡಿದ್ದ ಅಲ್ವಾ? ಸ್ವರ ಕೇಳಿಸದೆ ಆ ಮೆಷಿನ್ನಿಗೆ ಗೊತ್ತಾಗುದಿಲ್ಲ. ನಿಮ್ಮಕ್ಕನ ಒಂದು ರೆಕಾರ್ಡಿಂಗೂ ಇಲ್ಲ ಅಂತ ನೀವೇ ಹೇಳಿದ್ದು. ಮತ್ತೆ ಅವನು ಅದಕ್ಕೆ ಕೇಳಿಸಿದ್ದು ಎಂತದನ್ನು ಮಾರಾಯ್ರೆ?"

ಯಜ್ಞೇಶ ಕೆಳಗೆ ಬಿದ್ದಿದ್ದ ಕರವಸ್ತ್ರವನ್ನು ಹೆಕ್ಕಿಕೊಂಡು ಎದ್ದ.

ಆ ವಾರವಿಡೀ ಅವನು ಟೀಚರ ಮಾತಿನಲ್ಲಿ ಒಂದು ತೂತಿಗಾಗಿ ಹುಡುಕಿದ. ಬೇರೆ ಯಾರಾದರೂ ಹಾಡುಗಾರ್ತಿಯನ್ನು ಕರೆದು ಹಾಡಿಸಿರಬಹುದೇ? ಆದರೆ ಷಡ್ಜದ ಹತ್ತಿರ ಒಡೆಯುವುದನ್ನು, ಒಡೆದು ನಾಚುವುದನ್ನು ಅವಳಿಗೆ ಹೇಳಿಕೊಟ್ಟವರು ಯಾರು? ಅದು ಗೊತ್ತಿದ್ದದ್ದು ಭೂಮಿಯ ಮೇಲೆ ಅವನೊಬ್ಬನಿಗೇ. ಅವನೊಬ್ಬನಿಗೇ ಎಂದುಕೊಂಡಿದ್ದ. ಅಕ್ಕನ ದನಿಯನ್ನು ಕೈಯಾರೆ ಹೊರಗೆ ಕಳಿಸಿಬಿಟ್ಟೆ ಎಂಬ ಭಯ ಹತ್ತಿಕೊಂಡದ್ದು ಆಗ. ಸಿಟ್ಟಿಗೆ ಅದನ್ನು ಅವರು ಎಸೆದುಬಿಟ್ಟರೆ? ಅಳಿಸಿಬಿಟ್ಟರೆ?

ಮುಂದಿನ ಶುಕ್ರವಾರ ಬೆಳಿಗ್ಗೆ ಅವನು ದೋಹಾದ ಮುಐದರ್ ಬಡಾವಣೆಗೆ ಕಾರು ಓಡಿಸಿದ. ನಾಲ್ಕೈದು ಸಂಸಾರಗಳಿಗೆ ಪಾಲು ಮಾಡಿ ಕೊಟ್ಟ ವಿಲ್ಲಾದ ಹಿಂಭಾಗದಲ್ಲಿ ಫವಾಝ್ ಮನೆ. ಬಾಗಿಲು ತೆರೆದ ಅವನ ಹೆಂಡತಿ ಮುಫೀದಾಳ ಮುಖದಲ್ಲಿ ನಗುವಿರಲಿಲ್ಲ. ವಿಷಯ ಅವಳಿಗೂ ಗೊತ್ತಿದೆ ಎಂದು ಯಜ್ಞೇಶನಿಗೆ ಅರ್ಥವಾಯಿತು. ಆದರೂ ಚಹಾ ಬಂತು.

"ತಪ್ಪಾಯ್ತು ಫವಾಝ್," ಎಂದ. ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಉಳಿದ ಮಾತುಗಳೆಲ್ಲ ಎಲ್ಲೋ ಹೋಗಿದ್ದವು. "ಅದು ಅಕ್ಕನೇ. ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಂಬಲಿಕ್ಕೆ ಆಗ್ಲಿಲ್ಲ. ಅದನ್ನು ಪೂರ್ತಿ ಕೇಳಿಸ್ತೀಯಾ?"

"ಹಾಡು ಎಷ್ಟು ಸಲ ಬೇಕಾದ್ರೂ ಕೇಳಿ. ಮುಂದಿನದ್ದು ಬೇಡ ಅಣ್ಣ."

"ನಿನ್ನ ಮೇಲೆ ಅನುಮಾನದಿಂದ ಕೇಳ್ತಾ ಇಲ್ಲ. ಅವಳು ಮಾತಾಡುದನ್ನು ಒಮ್ಮೆ ಕೇಳ್ಬೇಕು. ಎಂತ ಮಾತಾದ್ರೂ ಅಡ್ಡಿಯಿಲ್ಲ."

ಫವಾಝ್ ಒಳಗೆ ಹೋಗಿ ಕ್ಯಾಸೆಟ್ಟೂ ಸಣ್ಣದೊಂದು ಪ್ಲೇಯರೂ ತಂದು ಚಾಪೆಯ ಮೇಲಿಟ್ಟ. ಮುಫೀದಾ ತಾನಾಗಿಯೇ ಎದ್ದು ಏಸಿ ನಿಲ್ಲಿಸಿದಳು.

ಸಾವೇರಿ ಬಂತು, ಷಡ್ಜ ಒಡೆಯಿತು, ಹತ್ತಿತು. ಈ ಸಲ ಯಜ್ಞೇಶ ಏನನ್ನೂ ಹುಡುಕಲಿಲ್ಲ. ಕಣ್ಣೀರು ಗಲ್ಲದಿಂದಿಳಿದು ಅಂಗಿಯ ಮೇಲೆ ಬೀಳುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಹಾಡು ಮುಗಿಯಿತು. ನಗು. "ಸಾಕಾ?" ಎಂಬ ಅಕ್ಕನ ತುಳು. ಇನ್ನೊಂದು ದನಿ, ಸಾರಮ್ಮನದು:

"ಇನ್ನೊಂದು ಹಾಡು ಪೂವ. ನಿನ್ನ ತಮ್ಮ ಅಂಗಳದಲ್ಲಿ ಆಡ್ತಾ ಇದ್ದಾನೆ, ಅವನನ್ನೂ ಕರೀಲಾ? ಅವನ ಹಾಡೂ ಹಿಡಿದಿಡುವ."

"ಅಯ್ಯೋ ಬೇಡ ಮಾರಾಯ್ತಿ!" ಅಕ್ಕನ ದನಿ ಒಮ್ಮೆಲೇ ಇಳಿಯಿತು. "ಅವನಿಗೆ ಮಾತ್ರ ಗೊತ್ತಾಗ್ಬಾರ್ದು. ನಾನು ಎಲ್ಲಿ ಹೋದೆ, ಯಾರ ಹತ್ತಿರ ಮಾತಾಡಿದೆ ಅಂತ ಹಿಂದೆಯೇ ಸುತ್ತುತ್ತಾನೆ. ಎಲ್ಲ ಅಪ್ಪನ ಕಿವಿಗೆ. ಅವನು ಇದ್ದರೆ ಮನೆಯಲ್ಲಿ ಗುನುಗಲಿಕ್ಕೂ ನನಗೆ ಹೆದರಿಕೆ. ನಿನ್ನನ್ನು ನಂಬಿ ಬರ್ತೇನೆ ಸಾರಮ್ಮ, ಈ ಕ್ಯಾಸೆಟ್ ಯಾರಿಗೂ ಕೊಡ್ಬೇಡ."

ಆಮೇಲೆ ಖಾಲಿ ಟೇಪು ತಿರುಗಿತು. ಫವಾಝ್ ತಲೆ ತಗ್ಗಿಸಿ ಕೂತಿದ್ದ.

"ಅದಕ್ಕೇ ಅಣ್ಣ. ಅಷ್ಟು ಜನರ ಎದುರು... ಹಾಡು ಕೇಳಿಸು, ಅಲ್ಲಿಗೇ ನಿಲ್ಲಿಸು ಅಂತ ಉಮ್ಮ ಸತ್ಯ ಮಾಡಿಸಿಕೊಂಡಿದ್ರು."

"ಆ ದಿನದ ಮೇಲೆ ಅವಳು ನಿಮ್ಮಲ್ಲಿಗೆ ಬಂದಿದ್ದಳಾ?"

"ಇಲ್ಲವಂತೆ. ಯಾರೋ ನಿಮ್ಮ ಅಪ್ಪನಿಗೆ ಹೇಳಿದ್ರಂತೆ. ಯಾರು ಅಂತ ಉಮ್ಮನಿಗೆ ಇವತ್ತಿಗೂ ಗೊತ್ತಿಲ್ಲ."

ಯಜ್ಞೇಶನಿಗೆ ಗೊತ್ತಿತ್ತು. ಊಟಕ್ಕೆ ಕೂತಿದ್ದಾಗ ಅಪ್ಪನ ಪಕ್ಕಕ್ಕೆ ಸರಿದು, ಅಕ್ಕ ದಿನಾ ಮಧ್ಯಾಹ್ನ ಬೇಲಿ ದಾಟುತ್ತಾಳೆ ಎಂದು ಪಿಸುಗುಟ್ಟಿದ್ದ. ಯಾಕೆ ದಾಟುತ್ತಾಳೆಂದು ಅವನಿಗಾಗ ತಿಳಿದಿರಲಿಲ್ಲ. ಅಪ್ಪ ಅವನ ತಲೆ ಸವರಿ ಜಾಣ ಎಂದಿದ್ದರು. ಬೇಲಿ ದಾಟುವುದು ಅಲ್ಲಿಗೆ ನಿಂತಿತು, ಅಕ್ಕನಿಗೆ ಹಾಡಿನ ಮೇಲೆ ಆಸೆ ಹೋಯಿತು ಎಂದು ಮನೆಯಲ್ಲಿ ಎಲ್ಲರೂ ಹೇಳಿದರು.

ಫವಾಝ್ ಕ್ಯಾಸೆಟ್ಟನ್ನು ತೆಗೆದು ಡಬ್ಬಿಗೆ ಹಾಕಿದ. "ಇದು ನೀವೇ ಇಟ್ಟುಕೊಳ್ಳಿ ಅಣ್ಣ. ಪಟ್ಟು ಹಿಡಿದು ಕೇಳಿದ್ರೆ ಕೊಟ್ಟುಬಿಡು ಅಂತ ಉಮ್ಮ ಆಮೇಲೆ ಫೋನಿನಲ್ಲಿ ಹೇಳಿದ್ರು."

ಯಜ್ಞೇಶ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಇಷ್ಟು ವರ್ಷ ಹುಡುಕಿದ್ದು, ಅಂಗೈಯಷ್ಟು ಕೂಡ ಇಲ್ಲ. ಆಮೇಲೆ ಅದನ್ನು ಚಾಪೆಯ ಮೇಲೆ, ಫವಾಝ್ ಕಡೆಗೆ ಸರಿಸಿದ.

"ಉಮ್ಮನ ಹತ್ತಿರವೇ ಇರಲಿ," ಎಂದ. "ಅಕ್ಕ ನಂಬಿ ಕೊಟ್ಟದ್ದು ಅವರಿಗೆ."